ಬ್ಯಾಟರಿ ನಮ್ಮದು, ರೀಸೆಟ್ ಮಾತ್ರ ಕಂಪೆನಿಯದ್ದಾ?

ಮಳೆಗಾಲದಲ್ಲಿ ಇಚಿಲಂಪಾಡಿ, ಮರ್ದಾಳ, ಕಡಬದ ಕಡೆ ಕಾರಿನ ಬ್ಯಾಟರಿ ಕೈಕೊಡುವುದು ಹೊಸತೇನಲ್ಲ. ವಾರಗಟ್ಟಲೆ ಅಂಗಳದಲ್ಲೇ ನಿಂತ ಕಾರು, ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ, ಹಾಲಿನ ಡಿಪೋಗೂ ಪೇಟೆಗೂ ಹೋಗಿ ಬರುವ ಸಣ್ಣ ಓಡಾಟದಲ್ಲಿ ಪೂರ್ತಿ ಚಾರ್ಜೇ ಆಗದ ಬ್ಯಾಟರಿ. ಹೊಸತು ಹಾಕಿಸಿದರೆ ಮುಗಿಯಿತು ಅಂತಿದ್ದ ಕಾಲ ಹೋಯಿತು. ಈಗ ತಲೆಬಿಸಿ ಸುರುವಾಗುವುದೇ ಹೊಸತು ಹಾಕಿದ ಮೇಲೆ. ಗಡಿಯಾರ ತಪ್ಪುತ್ತದೆ, ಸ್ಟೀರಿಯೋ ಕೋಡ್ ಕೇಳುತ್ತದೆ, ಕಿಟಕಿಯ ಗ್ಲಾಸ್ ಒಂದೇ ಒತ್ತಿಗೆ ಮೇಲೆ ಬರುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಇಂಜಿನ್ ನಿಂತಲ್ಲೇ ನಡುಗುತ್ತದೆ. ಫೋನ್ ಮಾಡಿದರೆ ಉತ್ತರ ಒಂದೇ: "ಗಾಡಿ ಇಲ್ಲಿಗೆ ತನ್ನಿ, ಸಿಸ್ಟಮ್ ರೀಸೆಟ್ ಮಾಡಬೇಕು."

ಇಲ್ಲಿಗೆ ಅಂದರೆ ಪುತ್ತೂರಿಗೆ, ಅಲ್ಲದಿದ್ದರೆ ಮಂಗಳೂರಿಗೆ. ಒಂದು ದಿನದ ಕೆಲಸ ಹಾಳು, ಪೆಟ್ರೋಲ್ ಖರ್ಚು, ಮೇಲೆ ಬಿಲ್ಲು. ಈ ಪದ್ಧತಿ ಸರಿಯಲ್ಲ ಎಂದು ನಾವು ಹೇಳುತ್ತೇವೆ. ರೀಸೆಟ್ ಬೇಡ ಅಂತಲ್ಲ, ಬೇಕು. ಆದರೆ ಅದರಲ್ಲಿ ಹೆಚ್ಚಿನದು ಮನೆಯಂಗಳದಲ್ಲೇ ಆಗುವಂಥದ್ದು. ಅದನ್ನು ಯಾರೂ ನಮಗೆ ಹೇಳುವುದಿಲ್ಲ, ಅಷ್ಟೆ.

ಮಾರುತಿ 800, ಓಮ್ನಿ, ಹಳೆ ಜೀಪಿನ ಕಾಲದಲ್ಲಿ ಈ ರಗಳೆ ಇರಲಿಲ್ಲ. ಕಾರ್ಬ್ಯುರೇಟರ್‌ಗೆ ನೆನಪು ಎಂಬುದೇ ಇಲ್ಲ. ಇಂದಿನ ಕಾರಿನಲ್ಲಿ ಇಸಿಯು ಎಂಬ ಸಣ್ಣ ಕಂಪ್ಯೂಟರ್ ಉಂಟು. ಥ್ರಾಟಲ್‌ನಲ್ಲಿ ಕರಿ ಹಿಡಿದ ಹಾಗೆ ಗಾಳಿಯ ದಾರಿ ಸಣ್ಣದಾಗುತ್ತದೆ. ಹಾಗಾದಾಗ ಎಷ್ಟು ತೆರೆದರೆ ಇಂಜಿನ್ ಸಮನಾಗಿ ನಿಲ್ಲುತ್ತದೆ ಎಂದು ಅದು ಓಡುತ್ತಾ ಕಲಿತಿರುತ್ತದೆ. ಬ್ಯಾಟರಿ ಕಳಚಿದ ಕೂಡಲೇ ಅನೇಕ ಕಾರುಗಳಲ್ಲಿ ಆ ಕಲಿತದ್ದು ಅಳಿಸಿಹೋಗುತ್ತದೆ. ಇಂಜಿನ್ ಹಾಳಾದದ್ದಲ್ಲ ಮಾರಾಯ್ರೆ, ಪಾಠ ಮರೆತದ್ದು.

ಪುನಃ ಕಲಿಸಲಿಕ್ಕೆ ಏನು ಮಾಡಬೇಕು? ಏಸಿ, ಲೈಟು ಎಲ್ಲ ಆಫ್ ಮಾಡಿ, ಆಕ್ಸಲರೇಟರ್ ಮುಟ್ಟದೆ ಹತ್ತು ನಿಮಿಷ ಇಂಜಿನ್ ಓಡಲು ಬಿಡಿ. ಆಮೇಲೆ ಏಸಿ ಹಾಕಿ ಸ್ವಲ್ಪ ಹೊತ್ತು. ಮತ್ತೆ ಹತ್ತಿಪ್ಪತ್ತು ಕಿಲೋಮೀಟರ್, ಒಮ್ಮೆ ನಿಧಾನ ಒಮ್ಮೆ ಬೇಗ ಓಡಿಸಿ. ಪೆರಿಯಶಾಂತಿಗೆ ಹೋಗಿ ಬರುವ ದಾರಿಯ ಏರಿಳಿತವೇ ಇದಕ್ಕೆ ಒಳ್ಳೆಯದು. ಕಿಟಕಿಯ ಗ್ಲಾಸನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಮೇಲೆ ಮುಟ್ಟಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದುಕೊಳ್ಳಿ. ಇದನ್ನು ಮಾಡುವವರೆಗೆ ಮಕ್ಕಳ ಕೈ ಸಿಕ್ಕಿದರೆ ಗ್ಲಾಸ್ ತಾನಾಗಿ ಕೆಳಗಿಳಿಯುವ ವ್ಯವಸ್ಥೆ ಕೆಲಸ ಮಾಡದೆ ಇರಬಹುದು, ಜಾಗ್ರತೆ. ಸ್ಟೀರಿಂಗ್ ಅಥವಾ ಜಾರುವಿಕೆ ತಡೆಯುವ ದೀಪ ಹೊತ್ತಿದ್ದರೆ ಇಂಜಿನ್ ಸ್ಟಾರ್ಟ್ ಇಟ್ಟು ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ನೇರ ಮಾಡಿ ಸ್ವಲ್ಪ ದೂರ ಓಡಿಸಿ. ಹೆಚ್ಚಿನ ಕಾರುಗಳಲ್ಲಿ ದೀಪ ಆರುತ್ತದೆ. ಸ್ಟೀರಿಯೋ ಕೋಡ್ ಕಾರು ತೆಗೆದಾಗ ಕೊಟ್ಟ ಪುಸ್ತಕದ ಜೊತೆ ಸಣ್ಣ ಕಾರ್ಡಿನಲ್ಲಿರುತ್ತದೆ, ಹುಡುಕಿ.

ಕೀಯ ಗುರುತು ಸಾಮಾನ್ಯವಾಗಿ ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿರುತ್ತದೆ. ಬರೀ ಬ್ಯಾಟರಿ ಬದಲಿಸಿದ್ದಕ್ಕೆ "ಕೀ ಪ್ರೋಗ್ರಾಮಿಂಗ್" ಎಂದು ಬಿಲ್ ಹಾಕಿದರೆ ಯಾಕೆ ಎಂದು ಕೇಳಲೇಬೇಕು.

ಸ್ಕ್ಯಾನರ್ ಬೇಕೇ ಬೇಕಾದ ಕಾರುಗಳೂ ಇವೆ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುವ ಕೆಲವು ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಆಗಬೇಕು. ಕೆಲವಕ್ಕೆ ಹೊಸ ಬ್ಯಾಟರಿ ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಸಲೂ ಬೇಕು. ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಆರದಿದ್ದರೆ ತೋರಿಸದೆ ಓಡಿಸಬೇಡಿ. ಆದರೆ ಆ ಸ್ಕ್ಯಾನರ್ ಕಡಬದ ಗ್ಯಾರೇಜಿನಲ್ಲಿ ಯಾಕೆ ಇರಬಾರದು?

ಈ ಪ್ರಶ್ನೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಕಾರಣ ಇದೇ: ಬಿಡಿಭಾಗ, ತಪಾಸಣೆಯ ಉಪಕರಣ, ಮಾಹಿತಿಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದು. ಹೊರಗೆ ರಿಪೇರಿ ಮಾಡಿಸಿದರೆಂದು ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಹಾಗಿಲ್ಲ, ಆ ಕೆಲಸದಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ಎಂದೂ ಹೇಳಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ "ರಿಪೇರಿಯ ಹಕ್ಕು" ಎಂಬ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನವೂ ಉಂಟು. ಹಳ್ಳಿಯ ಮೆಕ್ಯಾನಿಕ್‌ನ ಕೈಗೆ ಬಂದದ್ದೆಷ್ಟು? ನಮ್ಮ ಕಣ್ಣಿಗೆ ಕಂಡಷ್ಟು ಹೇಳುವುದಾದರೆ, ಬಹಳ ಕಡಿಮೆ.

ನಮ್ಮ ಗ್ಯಾರೇಜಿನವರಿಗೂ ಒಂದು ಮಾತು. "ಎಂತದೂ ಬೇಡ, ನಾಲ್ಕು ದಿನದಲ್ಲಿ ಸರಿಯಾಗ್ತದೆ" ಎಂದು ಬಾನೆಟ್ ಮುಚ್ಚಿ ಕಳಿಸುವುದೂ ಸರಿಯಲ್ಲ. ಗಿರಾಕಿ ಎದುರಿಗಿರುವಾಗಲೇ ಆ ಹತ್ತು ನಿಮಿಷ ಇಂಜಿನ್ ಓಡಿಸಿ, ಗ್ಲಾಸ್ ಏರಿಸಿ ತೋರಿಸಿ. ಕಳಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು ಎಂಬುದನ್ನು ಕಲಿಯಲು ಬಂದ ಹುಡುಗರಿಗೂ ಹೇಳಿಕೊಡಿ.

ಕಂಪೆನಿಗಳು ಮಾಡಬೇಕಾದದ್ದು ದೊಡ್ಡದೇನಲ್ಲ. ಬ್ಯಾಟರಿ ಬದಲಿಸಿದ ಮೇಲೆ ಈ ಮಾಡೆಲ್‌ಗೆ ಏನೇನು ಮಾಡಬೇಕು ಎಂಬ ಒಂದು ಹಾಳೆ, ಕನ್ನಡದಲ್ಲಿ, ಕಾರಿನ ಪುಸ್ತಕದೊಳಗೆ. ಕಾರು ಮಾರಲು ಕನ್ನಡದಲ್ಲಿ ಜಾಹೀರಾತು ಕೊಡಲು ಬರುತ್ತದೆ, ಇದಕ್ಕೆ ಮಾತ್ರ ಭಾಷೆ ಬರುವುದಿಲ್ಲವೋ?

ಅಲ್ಲಿಯವರೆಗೆ ಬಿಲ್ಲಿನಲ್ಲಿ ಬರೀ "ರೀಸೆಟ್" ಎಂದಿದ್ದರೆ ಯಾವ ಸಿಸ್ಟಮ್, ಏನು ಮಾಡಿದ್ದು ಎಂದು ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.