ಅಟ್ಟದ ಸದ್ದು ಯಾರದೆಂದು ಮೊದಲು ತಿಳಿಯೋಣ

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಅಟ್ಟದಲ್ಲಿ ರಾತ್ರಿ ಹತ್ತರ ನಂತರ ಯಾರೋ ನಡೆದಾಡಿದಂತೆ ಸದ್ದು ಕೇಳಿಸತೊಡಗಿತು. ನಮ್ಮದು ಬಸವನಗುಡಿಯ ಹಳೆಯ ಹೆಂಚಿನ ಮನೆ. ಹಿತ್ತಲಲ್ಲಿ ಸಪೋಟ ಮರವಿದೆ. ಪಕ್ಕದವರ ಮಾವಿನ ಕೊಂಬೆ ನಮ್ಮ ಸೂರಿನ ಮೇಲೆ ಚಾಚಿದೆ. ಇಲಿಗಳಿರಬೇಕೆಂದು ಪಾಷಾಣವಿಟ್ಟೆವು. ಅದನ್ನು ಯಾವುದೂ ಮುಟ್ಟಲಿಲ್ಲ. ಕೀಟ ನಿಯಂತ್ರಣದವರನ್ನು ಕರೆಸಿದಾಗ ಅವರು ಬಾಳೆಹಣ್ಣು ಕಟ್ಟಿ ಬೋನಿಟ್ಟರು. ಮಾರನೆಯ ಬೆಳಿಗ್ಗೆ ಬೂದುಗಪ್ಪು ಮೈಯ, ಚೂಪು ಮೂತಿಯ, ಉದ್ದ ಬಾಲದ ಪ್ರಾಣಿಯೊಂದು ಬೋನಿನ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ‘ಊರಾಚೆ ಬಿಟ್ಟುಬರುತ್ತೇವೆ’ ಎಂದು ಒಯ್ದರು. ಹಣ ಕೊಟ್ಟು ನಿಶ್ಚಿಂತರಾದೆವು.

ಆ ರಾತ್ರಿ ಅಟ್ಟದಿಂದ ಬೇರೊಂದು ದನಿ ಕೇಳಿಸಿತು. ಬಹಳ ಕ್ಷೀಣವಾದ, ನಿಂತು ನಿಂತು ಬರುವ ಕೂಗು. ಮರುದಿನ ಸಂಜೆ ಏಣಿ ಹತ್ತಿ ನೋಡಿದರೆ ಹಳೆಯ ಹಾಸಿಗೆಯೊಂದರ ಹರುಕಿನಲ್ಲಿ ಮೂರು ಮರಿಗಳಿದ್ದವು. ಒಂದು ಆಗಲೇ ಸತ್ತಿತ್ತು. ಉಳಿದೆರಡನ್ನು ವನ್ಯಜೀವಿ ಆರೈಕೆ ಕೇಂದ್ರಕ್ಕೆ ಒಪ್ಪಿಸಿದೆವು. ಒಂದು ಮಾತ್ರ ಬದುಕಿತು. ಬೋನಿಟ್ಟವರನ್ನು ದೂರಿ ಪ್ರಯೋಜನವಿಲ್ಲ. ಅವರನ್ನು ಕರೆಸಿದವನು ನಾನು. ಅಟ್ಟದಲ್ಲಿರುವುದು ಯಾವ ಪ್ರಾಣಿ, ಒಂಟಿಯೋ ಬಾಣಂತಿಯೋ ಎಂದು ಒಮ್ಮೆಯೂ ವಿಚಾರಿಸದೆ ಹೊರಹಾಕಲು ಹೊರಟವನೂ ನಾನೇ.

ಆ ಪ್ರಾಣಿ ಮರಬೆಕ್ಕು. ಹಲವರು ಇದನ್ನೂ ಪುನುಗಿನ ಬೆಕ್ಕೆಂದೇ ಕರೆಯುತ್ತಾರೆ. ಆದರೆ ಪುನುಗಿಗೆ ಹೆಸರಾದ, ಹೆಚ್ಚಾಗಿ ನೆಲದ ಮೇಲೆಯೇ ಓಡಾಡುವ ಪ್ರಾಣಿ ಬೇರೆ. ಹೆಸರಿನಲ್ಲಿ ಬೆಕ್ಕು ಇದ್ದರೂ ಎರಡೂ ಬೆಕ್ಕಿನ ಕುಲಕ್ಕೆ ಸೇರಿದವಲ್ಲ. ಮರಬೆಕ್ಕು ಹಗಲೆಲ್ಲ ಪೊಟರೆಯಲ್ಲಿ ಮಲಗಿ, ರಾತ್ರಿ ಒಂಟಿಯಾಗಿ ತಿರುಗುತ್ತದೆ. ಹಣ್ಣು, ಹುಳು, ಇಲಿಗಳನ್ನು ತಿನ್ನುತ್ತದೆ. ನುಂಗಿದ ಬೀಜಗಳನ್ನು ದೂರ ದೂರ ಬಿತ್ತುವುದೂ ಅದೇ. ಪೊಟರೆಯುಳ್ಳ ಹಳೆಯ ಮರಗಳನ್ನು ನಾವು ಕಡಿದ ಮೇಲೆ ಅದಕ್ಕೆ ಹೆಂಚಿನ ಕೆಳಗಿನ ಕತ್ತಲೆಯೇ ಪೊಟರೆಯಾಗಿದೆ. ಹೊಸ ಮನೆಗಳ ಫಾಲ್ಸ್ ಸೀಲಿಂಗ್ ಕೂಡ ಅದರ ಪಾಲಿಗೆ ಅಟ್ಟವೇ.

ಯಾರು ಬಂದಿದ್ದಾರೆಂದು ತಿಳಿಯುವುದು ಕಷ್ಟವಲ್ಲ. ಹಗಲಿನಲ್ಲಿ ಸರಸರ ಓಡುವ ಸದ್ದು ಅಳಿಲಿನದಿರಬಹುದು. ರಾತ್ರಿಯ ಲಘುವಾದ ಓಟ, ಕಡಿಯುವ ಸದ್ದು, ಅಕ್ಕಿಕಾಳಿನಂತಹ ಹಿಕ್ಕೆ ಇಲಿಯವು. ಅಂಥದೇ ಹಿಕ್ಕೆ ಬೆರಳ ನಡುವೆ ಪುಡಿಯಾಗಿ, ಕೀಟಗಳ ರೆಕ್ಕೆಯ ಚೂರು ಮಿನುಗಿದರೆ ಬಾವಲಿ. ಆ ಪುಡಿ ಉಸಿರಿಗೆ ಹೋಗಬಾರದು. ಮೂಗು ಮುಚ್ಚಿಕೊಂಡು, ಕೈಗವಸು ತೊಟ್ಟು, ನೀರು ಚಿಮುಕಿಸಿಯೇ ಮುಟ್ಟಬೇಕು. ಬುಸುಗುಟ್ಟುವ ದನಿಯೊಡನೆ ಕೂದಲು, ಮೂಳೆ ತುಂಬಿದ ಉಂಡೆಗಳು ಸಿಕ್ಕರೆ ಅದು ಕಣಜ ಗೂಬೆ. ಅದನ್ನು ಅಪಶಕುನವೆನ್ನುವವರು ಅದು ಇಲಿಗಳನ್ನೇ ತಿಂದು ಬದುಕುವುದನ್ನೂ, ನಾವಿಟ್ಟ ಪಾಷಾಣ ತಿಂದ ಇಲಿ ಅದನ್ನೂ ಕೊಲ್ಲಬಲ್ಲದೆಂಬುದನ್ನೂ ನೆನಪಿಡಬೇಕು. ಭಾರವಾದ ಹೆಜ್ಜೆ, ಗೋಡೆಯ ಅಂಚಿನಲ್ಲಿ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಮರಬೆಕ್ಕು. ನಮ್ಮ ತಾರಸಿಯಲ್ಲಿ ಸಪೋಟ ಬೀಜಗಳು ವಾರಗಟ್ಟಲೆ ಬಿದ್ದಿದ್ದವು. ನಾವು ಗುಡಿಸಿದೆವೇ ಹೊರತು ಓದಲಿಲ್ಲ.

ಕಾನೂನೂ ಇಲ್ಲಿದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದೂ ಬೇಟೆಯೇ. ಮರಬೆಕ್ಕು ಆ ಕಾಯ್ದೆಯ ರಕ್ಷಣೆ ಪಡೆದ ಪ್ರಾಣಿ. ಕೀಟನಾಶಕ ಸಿಂಪಡಿಸಲು ಪಡೆದ ಪರವಾನಗಿ ಕಾಡುಪ್ರಾಣಿಯನ್ನು ಹಿಡಿದೊಯ್ಯುವ ಅಧಿಕಾರ ಕೊಡುವುದಿಲ್ಲ. ಇದು ಹಿಡಿಯುವವರಿಗೂ ಗೊತ್ತಿಲ್ಲ, ಕರೆಸುವವರಿಗೂ ಗೊತ್ತಿಲ್ಲ.

ಹಾಗೆಂದು ಮನೆಯನ್ನು ಪ್ರಾಣಿಗಳಿಗೆ ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಮೂತ್ರದಿಂದ ಕಲೆಗಟ್ಟಿದ ಮರದ ಹಲಗೆ, ನಾತ, ನಿದ್ದೆಗೇಡು ಇವೆಲ್ಲ ನಿಜವಾದ ತೊಂದರೆಗಳೇ. ಪ್ರಾಣಿ ಹೋಗಬೇಕು, ನಿಜ. ಆದರೆ ಅದನ್ನು ಹೊತ್ತೊಯ್ದು ಬೇರೆಡೆ ಬಿಡುವುದು ಪರಿಹಾರವಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿಗೆ ಆಹಾರ, ಅಡಗುತಾಣ ಯಾವುದೂ ತಿಳಿಯದು. ಇತ್ತ ಕಿಂಡಿ ತೆರೆದೇ ಇದ್ದರೆ ಖಾಲಿಯಾದ ಅಟ್ಟಕ್ಕೆ ಇನ್ನೊಂದು ಬರುತ್ತದೆ. ನಮ್ಮಲ್ಲಿ ಆರು ತಿಂಗಳಲ್ಲಿ ಬಂದೇಬಿಟ್ಟಿತು.

ಈ ಸಲ ಅವಸರ ಮಾಡಲಿಲ್ಲ. ಅನುಭವವುಳ್ಳ ವನ್ಯಜೀವಿ ಸ್ವಯಂಸೇವಕರೊಬ್ಬರನ್ನು ಕರೆದು ಮೊದಲು ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡೆವು. ಮರಿಗಳಿದ್ದಿದ್ದರೆ ಅವು ತಾಯಿಯೊಡನೆ ಹೊರನಡೆಯುವವರೆಗೆ ಕಾಯಬೇಕಿತ್ತು; ಅದು ಎರಡು ಮೂರು ತಿಂಗಳ ಮಾತು. ಸೂರಿಗೆ ತಾಗುತ್ತಿದ್ದ ಕೊಂಬೆಯನ್ನು ಪಕ್ಕದವರನ್ನು ಕೇಳಿ ಸವರಿಸಿದೆವು. ಉದುರಿದ ಹಣ್ಣನ್ನು ಸಂಜೆಯೊಳಗೆ ಆಯ್ದೆವು. ಅಟ್ಟದಲ್ಲಿ ಕೆಲವು ದಿನ ದೀಪ ಉರಿಸಿ ರೇಡಿಯೊ ಹಚ್ಚಿಟ್ಟೆವು. ಬಳಿಕ ಕಿಂಡಿಗೆ ಹಳೆಯ ದಿನಪತ್ರಿಕೆಯನ್ನು ಸಡಿಲವಾಗಿ ತುರುಕಿದೆವು. ಅದು ಮೂರು ರಾತ್ರಿ ಕದಲದೇ ಇದ್ದಾಗ ಗಟ್ಟಿ ತಂತಿಜಾಲರಿ ಬಡಿಸಿದೆವು. ಖರ್ಚು ಹಿಂದಿನ ಸಲ ಬೋನಿಗೆ ತೆತ್ತದ್ದಕ್ಕಿಂತ ಕಡಿಮೆ.

ಈ ತಿಳಿವಳಿಕೆ ನನಗೆ ಬಂದದ್ದು ಎರಡು ಮರಿಗಳು ಸತ್ತ ಮೇಲೆ. ಎಲ್ಲರೂ ಹೀಗೆಯೇ ಕಲಿಯಬೇಕಾಗಿಲ್ಲ. ಕೀಟ ನಿಯಂತ್ರಣದವರಿಗೆ ಪರವಾನಗಿ ನೀಡುವಾಗ, ನವೀಕರಿಸುವಾಗ ವನ್ಯಜೀವಿ ಕಾನೂನಿನ ಅರಿವನ್ನು ಕಡ್ಡಾಯಗೊಳಿಸಬಹುದು. ರಾತ್ರಿ ಹತ್ತಕ್ಕೆ ಯಾರಿಗೆ ಕರೆ ಮಾಡಬೇಕೆಂಬುದನ್ನು ಅರಣ್ಯ ಇಲಾಖೆ ಮತ್ತು ನಗರಾಡಳಿತ ಪ್ರತಿ ಬಡಾವಣೆಯ ನಿವಾಸಿಗಳ ಸಂಘಕ್ಕೂ ತಿಳಿಸಬಹುದು. ಇವೇನೂ ದೊಡ್ಡ ಯೋಜನೆಗಳಲ್ಲ. ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದು ಇಷ್ಟೇ: ಅಟ್ಟದಲ್ಲಿ ಸದ್ದಾದರೆ ಬೋನಿಗೆ ಹೇಳಿಕಳಿಸುವ ಮುಂಚೆ, ಹಗಲು ಹೊತ್ತಿನಲ್ಲಿ, ಟಾರ್ಚ್ ಹಿಡಿದು ಒಮ್ಮೆ ಏಣಿ ಹತ್ತಿ ದೂರದಿಂದಲೇ ನೋಡುವುದು. ನಾನು ಅದನ್ನು ಒಂದು ದಿನ ಮೊದಲೇ ಮಾಡಿದ್ದರೆ ಸಾಕಿತ್ತು.