ಎರಡನೇ ಸಲ ಯಾಕ ಹೋದ್ರಿ ಅಂತ ಕೇಳೋವ್ರಿಗೆ

ನಾ ಅಮೇರಿಕಾದಿಂದ ಧಾರವಾಡಕ್ಕ ಬಂದು ಇನ್ನೂ ಎರಡನೇ ಸೂಟ್‌ಕೇಸ್ ಬಿಚ್ಚಿಲ್ಲ, ಆಗಲೇ ಓಣಿಯೊಳಗ ಮೂರು ಮಾತು ಓಡಾಡ್ಲಿಕ್ಕೆ ಹತ್ಯಾವ. ಒಂದು, ಈಕಿ ಎರಡನೇ ಸಲ ಹಡಗ ಹತ್ತಿದ್ಲಂತ. ಎರಡು, ಅದೂ ಗಂಡನ್ನ ಬಿಟ್ಟು, ಮೊಮ್ಮಕ್ಕಳನ್ನ ಬಿಟ್ಟು, ಹುಡುಗುರು ಹೋಗೋ ಮಿಕ್ಕಿ ಮೌಸ್ ಹಡಗ ಹತ್ತಿದ್ಲಂತ. ಮೂರು, ಅವ್ವನ ಪಾಟ್ಲಿ ಮಾರಿ ಹೋದ್ಲಂತ. ಮೂರೂ ಖರೆ ಅವ. ಹಿಂದ ಮಾತಾಡೋ ತ್ರಾಸು ನಿಮಗ ಬ್ಯಾಡ ಅಂತ ನಾನೇ ಬರೀಲಿಕ್ಕೆ ಕೂತೀನಿ.

"ಒಮ್ಮೆ ನೋಡಿ ಆಗಿತ್ತಲ್ಲ, ಮತ್ತ ಅದೇ ಸಮುದ್ರ, ಅದೇ ನೀರು" ಅಂದ್ರು ನಮ್ಮ ಮ್ಯಾಲಿನ ಮನಿ ಮಾಮಿ. ಮಾಮಿ, ಮೊದಲನೇ ಸಲ ನಾ ಸಮುದ್ರ ನೋಡಿದ್ದು ಎಲ್ಲಿ? ಮಗ ಹ್ಯೂಸ್ಟನ್ನಾಗ ಇರೋದು. ಅಲ್ಲಿಂದ ಕಾರಿನ್ಯಾಗ ತಾಸು ಹಾದಿಗೆ ಗ್ಯಾಲ್ವೆಸ್ಟನ್ ಬಂದರ. ಅಲ್ಲಿಂದ ಡಿಸ್ನಿಯವರ ಹಡಗು ಮೆಕ್ಸಿಕೋದ ಕೋಝುಮೆಲ್ ಅನ್ನೋ ನಡುಗಡ್ಡಿಗೆ ಹೋಗಿ ಬರ್ತದ. ನಾಲ್ಕು ರಾತ್ರಿ. ಮಗ, ಸೊಸಿ, ನಾಲ್ಕು ವರ್ಷದ ಮೊಮ್ಮಗಳು, ಒಂದೂವರಿ ವರ್ಷದ ಮೊಮ್ಮಗ, ನಾವಿಬ್ಬರು. ಆ ಹಡಗಿನ್ಯಾಗ ಮೂರು ವರ್ಷ ದಾಟಿದ ಹುಡುಗುರಿಗೆ ದೊಡ್ಡ ಆಟದ ಕೋಣಿ ಅದ, ಬ್ಯಾರೆ ರೊಕ್ಕ ಇಲ್ಲ. ಅದಕ್ಕಿಂತ ಸಣ್ಣವರಿಗೆ ನರ್ಸರಿ ಅದ, ಅಲ್ಲಿ ಮಾತ್ರ ತಾಸಿಗೆ ಇಷ್ಟು ಅಂತ ಕೊಡಬೇಕು. "ಅಮ್ಮ ಇದ್ದಾಳಲ್ಲ, ನರ್ಸರಿ ಯಾಕ?" ಅಂದ ಮಗ.

ಅವನ ಮನಸ್ಸಿನ್ಯಾಗ ಕೆಟ್ಟದ್ದು ಏನೂ ಇರಲಿಲ್ಲ. ನನ್ನ ತಕರಾರೇ ಅದು. ಯಾರ ಮನಸ್ಸಿನ್ಯಾಗೂ ಕೆಟ್ಟದ್ದಿರೋದಿಲ್ಲ, ಆದ್ರೂ ಕೂಸು ಬಂದು ನಮ್ಮ ಬಗಲಿನ್ಯಾಗೇ ಕೂಡ್ತದ. ನಾಲ್ಕು ದಿವಸ ನಾ ಕೋಣಿಯೊಳಗ ಕೂಸು ಮಲಗಿಸ್ಕೋತ, ದುಂಡನೇ ಕಿಟಕಿಯೊಳಗಿಂದ ಸಮುದ್ರ ನೋಡಿದೆ. ಕೋಝುಮೆಲ್‌ನ್ಯಾಗ ಎಲ್ಲಾರೂ ಇಳದು ಹೋದ್ರು, ಕೂಸಿಗೆ ಸ್ವಲ್ಪ ಮೈ ಬೆಚ್ಚಗಿತ್ತು, ನಾ ಉಳದೆ. ಊರಿಗೆ ಬಂದ ಮ್ಯಾಲೆ ಎಲ್ಲಾರ ಮುಂದೂ ಹೇಳಿದ್ದು ಏನು? "ಅಮ್ಮನ್ನ ಕ್ರೂಸ್ ಮಾಡಿಸಿದ್ವಿ." ಮಾಡಿಸಿದ್ರಿ ಖರೆ. ನಮ್ಮ ಓಣಿಯೊಳಗ ಎಷ್ಟು ಮಂದಿ ಅಜ್ಜಿಯಂದಿರು ಹಿಂಗ ಸಿಂಗಾಪುರ, ದುಬೈ, ಸ್ವಿಟ್ಜರ್ಲ್ಯಾಂಡ್ ಎಲ್ಲಾ "ಮಾಡಿ" ಬಂದಾರ, ಅವರನ್ನ ಕೇಳ್ರಿ. ಹೊಟೇಲ್ ಕೋಣಿಯ ಪಡದೆ ಬಣ್ಣ ಬರೋಬ್ಬರಿ ಹೇಳ್ತಾರ.

ಈ ಸಲದ್ದು ಬ್ಯಾರೆ. ನಾ ಹ್ಯೂಸ್ಟನ್ನಾಗ ಆರು ತಿಂಗಳ ಡ್ಯೂಟಿ ಮೇಲಿದ್ದೆ, ನಮ್ಮ ವೈನಿ ಕ್ಯಾಲಿಫೋರ್ನಿಯಾದಾಗ ಮಗಳ ಬಾಣಂತನಕ್ಕ ಬಂದಿದ್ರು. ಇಬ್ಬರದೂ ಡ್ಯೂಟಿ ಮುಗೀಲಿಕ್ಕೆ ಬಂದಿತ್ತು. ವರ್ಷಕ್ಕ ಕೆಲವೇ ಸಲ ಡಿಸ್ನಿಯವರದೊಂದು ಹಡಗು ಪೆಸಿಫಿಕ್ ಕಡಿಂದ ಹೊಂಟು, ಪನಾಮಾ ಕಾಲುವೆ ದಾಟಿ ಈಚೆ ಕಡೆ ಬರ್ತದ. 14 ರಾತ್ರಿ. ವೈನಿ ಇರೋದು ಆ ದಂಡಿ, ನನ್ನ ಮಗ ಇರೋದು ಈ ದಂಡಿ. ನಾ ವಿಮಾನದಾಗ ಸ್ಯಾನ್ ಡಿಯೇಗೋಕ್ಕ ಹೋದೆ, ಇಬ್ಬರೂ ಅಲ್ಲಿ ಹತ್ತಿದ್ವಿ, ಗ್ಯಾಲ್ವೆಸ್ಟನ್ನಾಗ ಇಳದ್ವಿ.

ನಾಲ್ಕು ದಿವಸದ್ದು ಸಾಲ್ತಿರಲಿಲ್ಲೇನು ಅಂತ ಕೇಳ್ತೀರಿ. ಸಾಲೋದಿಲ್ಲ. ಯಾಕಂದ್ರ ನಮ್ಮ ಕೈ ನಿಲ್ಲಲಿಕ್ಕೇ ಐದು ದಿವಸ ಬೇಕು. ಮೊದಲನೇ ಮುಂಜಾನೆ ವೈನಿ ಎದ್ದವರೇ ಹಾಸಿಗಿ ಝಾಡಿಸಿ, ರಗ್ಗು ಮಡಚಿ, ಬಚ್ಚಲ ಒರಸಿ ಇಟ್ಟ್ರು. ಕೋಣಿ ಸ್ವಚ್ಛ ಮಾಡಲಿಕ್ಕೆ ಬಂದ ಹುಡುಗ ಗಾಬರಿಯಾಗಿ, ತನ್ನ ಕೆಲಸದಾಗ ಏನರ ತಪ್ಪಾತೇನು ಅಂತ ಕೇಳಿದ. ಮೂರನೇ ದಿವಸ ನಾ ಊಟದ ಟೇಬಲ್ ಮ್ಯಾಲಿನ ತಾಟು ಒಂದರ ಮ್ಯಾಲೊಂದು ಇಟ್ಟು ಎತ್ತಲಿಕ್ಕೆ ಹೋದೆ. ನಾಲ್ಕನೇ ದಿವಸ ಮುಂಜಾನೆ ಐದಕ್ಕ ಎಚ್ಚರಾಗಿ, ರಾತ್ರಿ ಬ್ಯಾಳಿ ನೆನಿ ಇಟ್ಟೇನೋ ಇಲ್ಲೋ ಅಂತ ಎದಿ ಧಸಕ್ಕಂತು. ಆರನೇ ದಿವಸ ಮಾತ್ರ ಎಂಟರತನಾ ಮಲಗಿದ್ವಿ. ನಾಲ್ಕು ರಾತ್ರಿ ಸೂಟಿ ಅಂದ್ರ ಕೈ ನಿಲ್ಲೋದರೊಳಗ ಮನಿಗೆ ಬಂದಂಗ.

ಇನ್ನ ಕುಟ್ಟಿ ಪುಡಿ ಮಾಡಿದ್ದ ಶೇಂಗಾ ಚಟ್ನಿ, ಅವಲಕ್ಕಿ, ರೈಸ್ ಕುಕ್ಕರ್ ಕಟಗೊಂಡು ಹೋಗ್ರಿ ಅಂತ ಸಲಹಾ ಕೊಟ್ಟವರಿಗೊಂದು ಮಾತು. ಆ ಹಡಗಿನ್ಯಾಗ ಕಾಯೋ ಸಾಮಾನು ಯಾವುದೂ ಒಳಗ ಬಿಡೋದಿಲ್ಲ. ಇಸ್ತ್ರಿ ಪೆಟಗಿ, ನೀರು ಕಾಸೋ ಕೆಟಲ್, ಏನೂ ಇಲ್ಲ. ಮನಿಯೊಳಗ ಮಾಡಿದ್ದ ತಿನಿಸೂ ನಡಿಯೋದಿಲ್ಲ, ಅಂಗಡಿಯ ಸೀಲ್ ಒಡೀಲಾರದ ಪಾಕೀಟು ಇದ್ರಷ್ಟೇ. ಬೆಂಕಿ ಹತ್ತಬಾರದು, ಹೊಟ್ಟಿ ಕೆಡಬಾರದು, ಅದಕ್ಕ. ನಂಗ ಇದು ಭಾಳ ಛಲೋ ಕಾನೂನು ಅನಿಸ್ತು. ಬ್ಯಾಗಿನ್ಯಾಗ ಕುಕ್ಕರ್ ಇದ್ದಿದ್ರ ನಾವು ಹದಿನಾಲ್ಕೂ ದಿವಸ ಕೋಣಿಯೊಳಗ ಅನ್ನ ಮಾಡ್ತಿದ್ವಿ, ಗ್ಯಾರಂಟಿ. ಸಸ್ಯಾಹಾರಿ ಅಂತ ಮೊದಲೇ ಹೇಳಿದ್ವಿ, ದಾಲ್, ಪಲ್ಯ ಮಾಡಿ ತಂದು ಕೊಟ್ಟ್ರು. ಉಪ್ಪು ಖಾರ ಕಮ್ಮಿ. ಆದ್ರ ಬ್ಯಾರೆಯವರು ಮಾಡಿ, ಬಿಸಿದು, ಕೂತಲ್ಲೇ ತಂದುಕೊಟ್ಟ ದಾಲಿನ್ಯಾಗ ಉಪ್ಪು ಕಮ್ಮಿ ಅಂತ ನಾ ಯಾಕ ಅನ್ನಲಿ?

ಅಲ್ಲೆ ಊಟದ ಪದ್ಧತಿ ಹಿಂಗದ: ಮೂರು ಊಟದ ಮನಿ, ನೀವು ಒಂದೊಂದು ರಾತ್ರಿ ಒಂದೊಂದಕ್ಕ ಹೋಗ್ತೀರಿ, ಆದ್ರ ಬಡಸೋವ್ರು ನಿಮ್ಮ ಜೋಡಿನೇ ಬರ್ತಾರ. ನಮಗ ಬಡಸ್ತಿದ್ದ ಹುಡುಗ ಗೋವಾದವ. ಎರಡನೇ ರಾತ್ರಿ ಅವ ನನ್ನ ಮುಂದ ಸಕ್ರಿ ಇಲ್ಲದ ಚಹಾ ತಂದಿಟ್ಟ, ವೈನಿಗೆ ಸಕ್ರಿ ಹಾಕಿದ್ದು. ಯಾರೂ ಹೇಳಿರಲಿಲ್ಲ, ಹಿಂದಿನ ದಿವಸ ನೋಡಿ ನೆನಪಿಟ್ಟಿದ್ದ. ಅದು ಅವನ ಕೆಲಸ, ಅದಕ್ಕ ಪಗಾರ ಅದ, ನಾವು ಕಡೀಕ ಟಿಪ್ಸೂ ಕೊಡ್ತೀವಿ, ಎಲ್ಲಾ ಗೊತ್ತದ ನಂಗ. ಆದ್ರ ನಮ್ಮ ಮನಿಯೊಳಗ ಯಾರಿಗೆ ಎಷ್ಟು ಸಕ್ರಿ, ಯಾರಿಗೆ ಅಲ್ಲ, ಯಾರಿಗೆ ಯಾಲಕ್ಕಿ ಅಂತ ಮೂವತ್ತೆರಡು ವರ್ಷ ನಾ ನೆನಪಿಟ್ಟೀನಿ. ನಾ ಸಕ್ರಿ ಬಿಟ್ಟು ಒಂಬತ್ತು ವರ್ಷಾತು. ನಮ್ಮ ಮನಿಯೊಳಗ ಯಾರನ್ನರ ಕೇಳಿ ನೋಡ್ರಿ, ಅಮ್ಮ ಎಷ್ಟು ಸಕ್ರಿ ಹಾಕ್ಕೋತಾಳ ಅಂತ.

"ಹುಡುಗುರ ಹಡಗಿನ್ಯಾಗ ಮುದುಕೇರಿಗೆ ಏನು ಕೆಲಸ?" ಇದು ನಮ್ಮ ಕಾಕು ಕೇಳಿದ್ದು. ಕೆಲಸ ಇಲ್ಲ ಅಂತನೇ ಹೋಗಿದ್ವಿ ಕಾಕು. ಅಲ್ಲಿ 18 ವರ್ಷ ದಾಟಿದವರಿಗಷ್ಟೇ ಅಂತ ಒಂದು ಈಜೋ ಹೊಂಡ ಅದ, ಸುತ್ತಲೂ ಆರಾಮ ಖುರ್ಚಿ, ಒಂದು ಹುಡುಗನೂ ಒಳಗ ಬರೋಹಂಗಿಲ್ಲ. ನನಗ ಈಜಲಿಕ್ಕೆ ಬರೋದಿಲ್ಲ, ದಂಡೀಗೆ ಕೂತು ಕಾಲು ಇಳಿಬಿಟ್ಟಿದ್ದೆ. ಮ್ಯಾಲಾಗಿ ಶಾಲಿ ನಡಿಯೋ ದಿವಸದಾಗ ಎರಡು ವಾರದ ಹಡಗಿಗೆ ಹುಡುಗುರನ್ನ ಕರಕೊಂಡು ಬರೋವ್ರು ಕಮ್ಮಿ. ನಮ್ಮಂಥಾ ವಯಸ್ಸಿನವರೇ ಭಾಳ ಇದ್ರು, ಹತ್ತು ಸಲ, ಇಪ್ಪತ್ತು ಸಲ ಬಂದವರು ಇದ್ರು. ಒಮ್ಮೆ ಹೋಗಿ ಬಂದವರಿಗೆ ಬೆಳ್ಳಿ ಸದಸ್ಯತ್ವ, ಐದಾದ್ರ ಬಂಗಾರ, ಹತ್ತಾದ್ರ ಪ್ಲಾಟಿನಮ್ ಅಂತ ಲೆಕ್ಕ. ನಾ ಬೆಳ್ಳಿ, ವೈನಿಗೆ ಏನೂ ಇಲ್ಲ. ಅದಕ್ಕ ಅವರು ಎರಡು ದಿವಸ ಮುಖ ಊದಿಸಿದ್ರು.

ಈ ಬೆಳ್ಳಿ ಬಂಗಾರದ ಮಾತು ಪನಾಮಾದಾಗ ಬ್ಯಾರೆ ಅರ್ಥ ಕೊಡ್ತದ. ಕಾಲುವೆ ದಾಟೋ ದಿವಸ ನಾವು ಕತ್ತಲಿರಲಿಕ್ಕೇ ಎದ್ದು ಮ್ಯಾಲೆ ಹೋಗಿ ನಿಂತಿದ್ವಿ. ಹಡಗನ್ನ ಗೇಟಿನೊಳಗ ನಿಲ್ಲಿಸಿ, ನೀರು ತುಂಬಿಸಿ, ಮೆಟ್ಟಲಾ ಮೆಟ್ಟಲಾ ಎತ್ತತಾರ. ಮೂರು ಮೆಟ್ಟಲಿಗೆ 26 ಮೀಟರ್ ಏರಿ ಗಟೂನ್ ಕೆರಿ ಸೇರಬೇಕು, ಆಮ್ಯಾಲೆ ಮೂರು ಮೆಟ್ಟಲ ಇಳಿಬೇಕು. ಪಂಪು ಇಲ್ಲ, ಮ್ಯಾಲಿನ ಕೆರಿ ನೀರು ತಾನೇ ಇಳದು ಬರ್ತದ. ಹಡಗಿಗೂ ಗ್ವಾಡಿಗೂ ನಡುವ ಸಂದು ಎಷ್ಟು ಕಮ್ಮಿ ಅಂದ್ರ, ಬಗ್ಗಿ ಕೈ ಚಾಚಿದ್ರ ಗ್ವಾಡಿ ಸಿಗ್ತದೇನೋ ಅನಿಸ್ತದ. ಎರಡೂ ಕಡೆ ಹಳಿ ಮ್ಯಾಲೆ ಸಣ್ಣ ರೈಲಿನಂಥಾ ಗಾಡಿ ಹಗ್ಗ ಹಿಡಕೊಂಡು ಹಡಗನ್ನ ನಟ್ಟನಡುವ ಇಡ್ತಾವ. ಅದಕ್ಕ ಹೇಸರಗತ್ತಿ ಅಂತನೇ ಹೆಸರು. ಇಡೀ ದಿವಸ ಇದೇ ನಡೀತು. ನಡುವ ಯಾರೂ "ಅಮ್ಮಾ, ನನ್ನ ಕರ್ಚೀಫ್ ಎಲ್ಲಿ" ಅನ್ನಲಿಲ್ಲ.

ಆ ಕಾಲುವೆ 1914ರೊಳಗ ಶುರುವಾದದ್ದು. ಅಮೇರಿಕಾದವರು ಕಟ್ಟಿಸಿದ್ರು, ಆದ್ರ ಗುದ್ದಲಿ ಹಿಡದವರು ಬಹಳಷ್ಟು ಮಂದಿ ಬಾರ್ಬಡೋಸ್, ಜಮೈಕಾದಂಥಾ ನಡುಗಡ್ಡಿಯ ಕರಿ ಜನ. ಅಮೇರಿಕಾದ ಬಿಳಿ ಜನಕ್ಕ ಬಂಗಾರದ ನಾಣ್ಯದಾಗ ಪಗಾರ, ಇವರಿಗೆ ಬೆಳ್ಳಿ ನಾಣ್ಯದಾಗ. ಗೋಲ್ಡ್ ರೋಲ್, ಸಿಲ್ವರ್ ರೋಲ್ ಅಂತ ಎರಡು ಪಟ್ಟಿ. ಇರೋ ಮನಿ, ಉಣ್ಣೋ ಜಾಗಾ, ಪೋಸ್ಟ್ ಆಫೀಸಿನ ಕಿಟಕಿ ಸುದ್ಧಾ ಬ್ಯಾರೆ ಬ್ಯಾರೆ. ಕಟ್ಟೋವಾಗ ಸಾವಿರಗಟ್ಟಲೆ ಮಂದಿ ಸತ್ತಾರ. ಇದನ್ನ ಕೇಳಿ ವೈನಿ ಅಂದ್ರು, "ನಮ್ಮಲ್ಲೂ ಎರಡು ಪಂಗತಿ ಅದ ಅಲ್ಲಾ, ಗಂಡಸರದಾದ ಮ್ಯಾಲೆ ನಮ್ಮದು." ಅಷ್ಟು ಜನ ಸತ್ತದ್ದಕ್ಕೂ ನಮ್ಮ ಪಂಗತಿಗೂ ಹೋಲಿಕಿ ಮಾಡೋಹಂಗಿಲ್ಲ, ನಾ ಹಂಗ ಅವರಿಗೆ ಹೇಳಿದೆ. ಆದ್ರ ಸಾರು ತಳಕ್ಕ ಹತ್ತಿ, ಪಲ್ಯ ಮುಗದು, ಉಪ್ಪಿನಕಾಯಿ ಜೋಡಿ ಅನ್ನ ಉಣ್ಣೋದು ಯಾರ ಪಟ್ಟಿ ಅನ್ನೋದು ನಿಮಗೂ ಗೊತ್ತದ.

ಒಬ್ಬ ಶ್ಯಾಣ್ಯಾ ತಮ್ಮ ಫೋನಿನ್ಯಾಗ ಕೇಳಿದ: "ಅಕ್ಕಾ, ನೀವು ಆರಾಮ ಇರಲಿಕ್ಕೆ ಅಲ್ಲಿ ಬಡ ಹುಡುಗುರು ದುಡೀತಾರಲ್ಲ, ಅದು ನಡೀತದೇನು?" ಛಲೋ ಪ್ರಶ್ನೆ. ನಾ ಆ ಗೋವಾ ಹುಡುಗನ್ನ ಕೇಳೇ ಬಂದೀನಿ. ತಿಂಗಳಾನುಗಟ್ಟಲೆ ಮನಿ ಬಿಟ್ಟಿರ್ತಾನ, ಅವರವ್ವ ದಾರಿ ಕಾಯ್ತಾಳ, ಕೆಲಸ ಭಾಳ. ಆದ್ರ ಹಡಗಿನ್ಯಾಗ ದುಡಿಯೋವ್ರಿಗೆ ಜಗತ್ತಿಗೆಲ್ಲಾ ಸೇರಿ 2006ರೊಳಗ ಮಾಡಿದ್ದ ಒಂದು ಒಪ್ಪಂದ ಅದ, ನಮ್ಮ ದೇಶನೂ 2015ರೊಳಗ ಅದನ್ನ ಒಪ್ಪಿಕೊಂಡದ. ಅದರ ಪ್ರಕಾರ 24 ತಾಸಿನೊಳಗ ಕಮ್ಮಿ ಅಂದ್ರ 10 ತಾಸು ವಿಶ್ರಾಂತಿ, ವಾರಕ್ಕ 77 ತಾಸು. ನಿದ್ದಿ ಹಿಡದು ಹತ್ತು ತಾಸು ಅಂದ್ರ ಅದೇನು ಭಾಳಲ್ಲ, ನಾ ಏನು ಆ ಕೆಲಸ ಹಗುರ ಅನ್ಲಿಕ್ಕೆ ಹತ್ತಿಲ್ಲ. ಆದ್ರ ಬರದಿಟ್ಟಾರ. ತಪ್ಪಿದ್ರ ಕೇಳಲಿಕ್ಕೆ ಒಂದು ಜಾಗಾ ಅದ. ಆ ತಮ್ಮನ ಮನಿಯೊಳಗ ಅವನ ಹೆಂಡ್ತಿಗೆ ಎಲ್ಲಿ ಬರದದ? ಸರಕಾರದವರೇ 2019ರೊಳಗ ಲೆಕ್ಕ ಮಾಡ್ಯಾರ: ಮನಿಗೆಲಸ ಮಾಡೋ ಹೆಣ್ಣುಮಕ್ಕಳು ಅದಕ್ಕ ದಿನಕ್ಕ 299 ನಿಮಿಷ ಕೊಡ್ತಾರ, ಗಂಡಸರು 97 ನಿಮಿಷ. ಅದೂ ಮಾಡೋ ಗಂಡಸರದ್ದು. ಏನೂ ಮಾಡದವರು ಆ ಲೆಕ್ಕದಾಗೇ ಬರೋದಿಲ್ಲ. ಹುಡುಗುರನ್ನ, ಹಿರ್ಯಾರನ್ನ ನೋಡಿಕೊಳ್ಳೋದು ಇದರ ಮ್ಯಾಲೆ ಬ್ಯಾರೆ.

ಈಗ ಪಾಟ್ಲಿ. ಇದಕ್ಕೇ ಎಲ್ಲಾರಿಗೂ ಹೊಟ್ಟಿ ಉರದದ್ದು. "ಅವ್ವನ ನೆನಪು, ಮೊಮ್ಮಗಳಿಗೆ ಇಡೋದು ಬಿಟ್ಟು..." ನಮ್ಮವ್ವ ಆ ಪಾಟ್ಲಿ ಎಷ್ಟು ಸಲ ಹಾಕ್ಕೊಂಡಿದ್ಲು? ಮದುವಿ ಮುಂಜಿವಿ ಸೇರಿಸಿ ನೋಡಿದ್ರ ವರ್ಷಕ್ಕ ಎರಡು ಸಲ. ಉಳದ ದಿವಸ ಟ್ರಂಕಿನ್ಯಾಗ, ಆಮ್ಯಾಲೆ ಬ್ಯಾಂಕಿನ್ಯಾಗ. ಆಕಿಗೆ ಆಕಿ ಅವ್ವ ಕೊಟ್ಟದ್ದು, ನನಗ ಆಕಿ ಕೊಟ್ಟಳು, ನಾ ಸೊಸಿಗೆ ಕೊಡಬೇಕು, ಆಕಿ ಮಗಳಿಗೆ. ಐದು ತಲಿ ಹೆಂಗಸರು ಬಂಗಾರದ ಕಾವಲುಗಾರರು, ಯಾರೂ ಒಡತಿ ಅಲ್ಲ. ಮನಿಯೊಳಗ ಅಡಚಣಿ ಬಂದಾಗ ಅದನ್ನ ಒತ್ತಿ ಇಡಲಿಕ್ಕೆ ಯಾರೂ ನನ್ನ ಮುಖ ನೋಡಲಿಲ್ಲ. ಪ್ಲಾಟ್ ತಗೊಳ್ಳೋವಾಗ ಒಮ್ಮೆ, ಮಗನ ಫೀ ತುಂಬೋವಾಗ ಒಮ್ಮೆ ಬ್ಯಾಂಕಿಗೆ ಹೋಗಿ ಬಂದಾವ ಅವು. ಆಗ ಅವ್ವನ ನೆನಪಿಗೆ ಏನೂ ಆಗಲಿಲ್ಲ. ನಾ ಮಾರಿದಾಗಷ್ಟೇ ಆತು. 1956ರ ಹಿಂದೂ ವಾರಸಾ ಕಾಯ್ದೆ 14ನೇ ಕಲಮ್ಮಿನ್ಯಾಗ ಹೆಣ್ಣುಮಕ್ಕಳ ಆಸ್ತಿ ಆಕಿದೇ ಪೂರ್ತಿ ಅಂತ ಬರದದ. ನಾ ಪಿ.ಯು.ಸಿ.ನೇ ಓದಿರಬಹುದು, ಅಷ್ಟು ಓದಿಕೊಳ್ಳಲಿಕ್ಕೆ ಬರ್ತದ ನಂಗ.

ನಮ್ಮವ್ವ ಗೋಕರ್ಣದಾಗ ಒಂದೇ ಸಲ ಸಮುದ್ರ ನೋಡಿದ್ದು. ಅದೂ ಅಪ್ಪ "ನಡಿ ನಡಿ, ಬಸ್ಸಿಗೆ ಹೊತ್ತಾತು" ಅಂತ ಕರಕೊಂಡು ಬಂದಿದ್ದ.

ಆ ರೊಕ್ಕದಾಗ ಕಾಶಿ ಮಾಡಬಹುದಿತ್ತಲ್ಲ ಅಂದವರಿಗೆ: ಕಾಶಿಗೂ ಹೋಗಿ ಬಂದೀನಿ. ಹನ್ನೊಂದು ಮಂದಿ ಹೋಗಿದ್ವಿ, ಧರ್ಮಶಾಲಿಯೊಳಗ ಸ್ಟೋವ್ ಹಚ್ಚಿ ಎಂಟು ದಿವಸ ಅಡಿಗಿ ಮಾಡಿದವರು ಯಾರು ಅಂತ ನಿಮ್ಮ ಮನಿಯವರನ್ನೇ ಕೇಳ್ರಿ, ಉಂಡಾರ.

ಇಲ್ಲೆ ನಮ್ಮನಿಯವರಿಗೂ ಅಣ್ಣಗೂ ಏನೂ ಆಗಿಲ್ಲ. ಇಬ್ಬರೂ ಖಾನಾವಳಿಯೊಳಗ ಬಿಸಿ ರೊಟ್ಟಿ, ಎಣ್ಣಿಗಾಯಿ ಉಂಡು ಎರಡೆರಡು ಕಿಲೋ ದಪ್ಪ ಆಗ್ಯಾರ. ಗ್ಯಾಸ್ ಹಚ್ಚಿ ಚಹಾ ಮಾಡಲಿಕ್ಕೂ ಕಲ್ತಾರ. ಮೊನ್ನೆ ನನಗೂ ಒಂದು ಕಪ್ಪು ಮಾಡಿ ತಂದುಕೊಟ್ಟ್ರು. ಎರಡು ಚಮಚ ಸಕ್ರಿ ಹಾಕಿದ್ರು. ಹೇಳೀನಿ. ನಾಳೆ ನೋಡೋಣು.

ಮಗನ ಮುಂದನೂ ಒಂದು ಮಾತು ಹೇಳಿ ಬಂದೀನಿ, ಸೊಸಿ ಕೇಳೋಹಂಗೇ ಹೇಳೀನಿ: ಮುಂದಿನ ಸಲ ಎಲ್ಲಾರೂ ಕೂಡಿ ಹಡಗ ಹತ್ತೋದಿದ್ರ ಮೊದಲ ನರ್ಸರಿಗೆ ರೊಕ್ಕ ತುಂಬು, ಆಮ್ಯಾಲೆ ನನ್ನ ಟಿಕೇಟ್ ತಗಿಸು. ಸೊಸಿ ನಕ್ಕಳು. ಮಗ ನಗಲಿಲ್ಲ. ಬಿಲ್ವಾರ ಇನ್ನೂ ಲಾಕರ್‌ನ್ಯಾಗ ಅವ, ವೈನಿ ಅಲಾಸ್ಕಾ ಅಲಾಸ್ಕಾ ಅನ್ಲಿಕ್ಕೆ ಹತ್ಯಾರ.