ಗಂಡುಮಕ್ಕಳಿಗೂ ಹೇಳೋಣ

ಅಕ್ಕಂದಿರೇ, ಮಗಳು ಮೈನೆರೆದರೆ ನೂರು ಕಟ್ಟುಪಾಡು ಹೇಳುತ್ತೇವೆ. ಮಗನಿಗೆ ಮೀಸೆ ಚಿಗುರಿದಾಗ ಏನು ಹೇಳುತ್ತೇವೆ?

ಅಮೆರಿಕದ ಮೇರಿ ವೇರ್ ಡೆನೆಟ್ ಎಂಬ ತಾಯಿ 1915ರಲ್ಲಿ ತಮ್ಮ ಇಬ್ಬರು ಗಂಡುಮಕ್ಕಳಿಗಾಗಿ ದೇಹ, ಲೈಂಗಿಕತೆ, ಪ್ರೀತಿಯ ಬಗ್ಗೆ ಬಿಡಿಸಿ ಬರೆದರು. 1918ರಲ್ಲಿ ಅದು ಅಚ್ಚಾಯಿತು. 1922ರಲ್ಲಿ ಅಲ್ಲಿನ ಅಂಚೆ ಇಲಾಖೆ ಅದನ್ನು ಅಶ್ಲೀಲವೆಂದು ತಡೆಯಿತು. ಆದರೂ ಆಕೆ ಕೇಳಿದವರಿಗೆ ಕಳಿಸುತ್ತಲೇ ಇದ್ದರು. 1929ರಲ್ಲಿ ನ್ಯಾಯಾಲಯ 300 ಡಾಲರ್ ದಂಡ ಹಾಕಿತು. ದಂಡ ಕಟ್ಟುವುದಿಲ್ಲ, ಜೈಲಿಗೆ ಬೇಕಾದರೂ ಹೋಗುತ್ತೇನೆ ಎಂದರು. 1930ರಲ್ಲಿ ಮೇಲಿನ ಕೋರ್ಟು ಆ ಶಿಕ್ಷೆಯನ್ನು ರದ್ದುಮಾಡಿತು.

ನನ್ನ ಮಾತಿಷ್ಟೆ: ಹೆಣ್ಣಿಗೂ ಇಷ್ಟಾನಿಷ್ಟ ಉಂಟೆಂದು ತಿಳಿಯದೆ ಬೆಳೆದ ಹುಡುಗ ನಾಳೆ ಹೆಂಡತಿಯನ್ನು ತನ್ನ ಸೊತ್ತು ಎಂದುಕೊಳ್ಳುತ್ತಾನೆ. ಹೊಡೆತ ಶುರುವಾಗುವುದು ಅಲ್ಲಿಂದಲೇ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೆ ಈ ವಿಷಯವನ್ನೂ ಎತ್ತೋಣ.